ಮಾಗಿಯ ಕೊನೆಯ ದಿನಗಳೂ ಊರಿನ ಚರಿತ್ರೆಯೂ

ಸಂಕ್ರಾಂತಿ ಕಳೆದು ಮಹಾಶಿವರಾತ್ರಿ ಹತ್ತಿರವಾಗುವ ದಿನಗಳಲ್ಲಿ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ನೆಲ ಒಂದು ವಿಶೇಷವಾದ ಶಾಂತಿಯನ್ನು ಪಡೆಯುತ್ತದೆ. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಈ ಅರೆಮಲೆನಾಡಿನಲ್ಲಿ ಭತ್ತದ ಗದ್ದೆಗಳು ಕೊಯ್ಲಾಗಿ ಕೂಳೆ ಮಾತ್ರ ಉಳಿದಿರುತ್ತದೆ. ಕಣದ ಕೆಲಸ ತೀರಿ ಹುಲ್ಲು ಬಣವೆ ಸೇರಿರುತ್ತದೆ. ಅಡಕೆಯ ಸುಗ್ಗಿ ಮುಗಿಯುವ ಹಂತಕ್ಕೆ ಬಂದಿರುತ್ತದೆ. ಕಬ್ಬು ಬೆಳೆಯುವ ಊರುಗಳ ಆಲೆಮನೆಗಳಿಂದ ಬೆಲ್ಲದ ಕಂಪು ದಾರಿಯವರೆಗೂ ಹರಡುತ್ತದೆ. ಬೆಳಗಿನ ಮಂಜು ಹೊತ್ತೇರಿದರೂ ಕೆರೆಯ ಏರಿಯನ್ನು ಬಿಟ್ಟು ಏಳುವುದಿಲ್ಲ. ಮಧ್ಯಾಹ್ನದ ಬಿಸಿಲು ಮಾತ್ರ ಬರಲಿರುವ ಬೇಸಗೆಯ ಸೂಚನೆಯನ್ನು ಕೊಡತೊಡಗುತ್ತದೆ. ಮಾವು ಹೂ ಬಿಟ್ಟು, ಮುತ್ತುಗ ಕೆಂಪೇರುವ ಕಾಲವದು. ಶಿವರಾತ್ರಿಯ ದಿನ ಚಳಿಯು ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆ ಎಂಬುದು ಹಿರಿಯರ ಮಾತು. ಹೊರಡುವ ಮುನ್ನ ಆ ಚಳಿಯು ಊರಿನವರಿಗೆ ಕೆಲವು ವಾರಗಳ ಬಿಡುವನ್ನು ಕೊಟ್ಟುಹೋಗುತ್ತದೆ. ರೈತನಿಗೆ ವರ್ಷದಲ್ಲಿ ಕುಳಿತು ಮಾತನಾಡಲು ದೊರೆಯುವ ಕಾಲವೆಂದರೆ ಬಹುಮಟ್ಟಿಗೆ ಇದೊಂದೇ.

ಇದೇ ದಿನಗಳಿಗೆ ಇನ್ನೊಂದು ಗುಣವಿದೆ; ಅದನ್ನು ಗಮನಿಸಿದವರು ವಿರಳ. ಮಳೆಗಾಲದಲ್ಲಿ ಆಳೆತ್ತರ ಬೆಳೆದು ಎಲ್ಲವನ್ನೂ ಮುಚ್ಚಿದ್ದ ಹುಲ್ಲೂ ಪೊದೆಯೂ ಈಗ ಒಣಗಿ ಬಾಗುತ್ತವೆ. ಕೆರೆಗಳ ನೀರು ಅಂಚನ್ನು ಬಿಟ್ಟು ಒಳಗೆ ಸರಿಯುತ್ತದೆ. ಹಳೆಯ ತೂಬಿನ ಕಲ್ಲುಕಂಬಗಳೂ ಏರಿಯ ಕಲ್ಲುಕಟ್ಟಣೆಯೂ ಮೈದೋರುತ್ತವೆ. ಗದ್ದೆಯ ಬದುವಿನಲ್ಲಿ, ಹಾಳುಗುಡಿಯ ಹಿಂದೆ, ಊರ ಬಾಗಿಲಿನ ಆಲದ ಬುಡದಲ್ಲಿ ನಿಂತಿರುವ ವೀರಗಲ್ಲು, ಮಾಸ್ತಿಕಲ್ಲು, ದಾನಶಾಸನಗಳು ಹೊರಗೆ ಕಾಣಿಸಿಕೊಳ್ಳುತ್ತವೆ. ಬೆಳಗಿನ ಓರೆಬಿಸಿಲು ಬಿದ್ದಾಗ, ಇತರ ಕಾಲದಲ್ಲಿ ಕಣ್ಣಿಗೆ ಬೀಳದ ಸವೆದ ಅಕ್ಷರವೂ ನೆರಳು ಹಿಡಿದು ಎದ್ದು ತೋರುತ್ತದೆ. ನೆಲವು ತನ್ನ ಚರಿತ್ರೆಯನ್ನು ತಾನೇ ತೆರೆದು ಹಿಡಿಯುವ ಋತು ಇದು ಎಂದರೆ ಅತಿಶಯೋಕ್ತಿಯಾಗದು.

ಆದರೆ ವಿಪರ್ಯಾಸವೆಂದರೆ, ಈ ಪುಸ್ತಕ ತೆರೆದುಕೊಳ್ಳುವ ಹೊತ್ತಿಗೇ ಶಾಲೆಗಳ ಬಾಗಿಲು ಮುಚ್ಚಿಕೊಳ್ಳುತ್ತದೆ. ಪರೀಕ್ಷೆ ಸಮೀಪಿಸಿತೆಂಬ ಕಾರಣದಿಂದ ಮಕ್ಕಳನ್ನು ಬೆಳಗ್ಗೆಯಿಂದ ಸಂಜೆಯವರೆಗೆ ಪಾಠದ ಪುನರಾವರ್ತನೆಗೆ ಕೂರಿಸಲಾಗುತ್ತದೆ. ಕದಂಬರ ಸ್ಥಾಪಕ ಯಾರು ಎಂಬ ಪ್ರಶ್ನೆಗೆ ಒಂದು ಅಂಕದ ಉತ್ತರವನ್ನು ಕಂಠಪಾಠ ಮಾಡುವ ಬಾಲಕನು, ಆ ಉತ್ತರಕ್ಕೆ ಆಧಾರವಾದ ಕಂಬವನ್ನು ಕಾಣದೆಯೇ ಶಾಲೆ ಮುಗಿಸುತ್ತಾನೆ. ದೂರದ ಊರಿನ ಬಾಲಕನಿಗೆ ಇದು ಅನಿವಾರ್ಯವಾದೀತು. ತಾಳಗುಂದದ ಸುತ್ತಲ ಹಳ್ಳಿಗಳ ಬಾಲಕನಿಗೆ ಇದು ಅನ್ಯಾಯ. ಮಾಗಿಯ ಕೊನೆಯ ವಾರಗಳಲ್ಲಿ ಕನಿಷ್ಠ ಮೂರು ದಿನಗಳನ್ನು ಪ್ರತಿಯೊಂದು ಶಾಲೆಯೂ ತನ್ನ ಊರಿನ ಚರಿತ್ರೆಗೆ ಮೀಸಲಿಡಬೇಕು ಎಂಬ ವಿಚಾರವನ್ನು ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಗಂಭೀರವಾಗಿ ಪರಿಶೀಲಿಸುವುದು ಇಂದಿನ ಅಗತ್ಯ.

ಈ ಸೀಮೆಗೆ ಇಂಥ ಬೇಡಿಕೆಯನ್ನು ಇಡಲು ವಿಶೇಷವಾದ ಅಧಿಕಾರವುಂಟು. ಶಿಕಾರಿಪುರ ತಾಲ್ಲೂಕಿನ ತಾಳಗುಂದ ಶಾಸನಗಳಲ್ಲಿ ಸ್ಥಾನಕುಂದೂರು ಎಂದು ಹೆಸರಾದ ಊರು. ಅಲ್ಲಿಯ ಪ್ರಣವೇಶ್ವರ ದೇವಾಲಯದ ಮುಂದಿರುವ ಕಲ್ಲುಕಂಬವನ್ನು ಬಿ. ಎಲ್. ರೈಸ್ ಅವರು ೧೮೯೪ರಲ್ಲಿ ಗುರುತಿಸಿ ವಿದ್ವತ್ಪ್ರಪಂಚದ ಗಮನಕ್ಕೆ ತಂದರು. ಐದನೆಯ ಶತಮಾನದ ಮಧ್ಯಭಾಗದಲ್ಲಿ ಕದಂಬ ಶಾಂತಿವರ್ಮನ ಕಾಲದಲ್ಲಿ ಕೆತ್ತಿಸಲಾದ ಆ ಸಂಸ್ಕೃತ ಶಾಸನವನ್ನು ರಚಿಸಿದವನು ಕುಬ್ಜನೆಂಬ ಕವಿ. ಕದಂಬ ವಂಶದ ಮೂಲವನ್ನು ತಿಳಿಯಲು ಇದಕ್ಕಿಂತ ಮಿಗಿಲಾದ ಆಧಾರವಿಲ್ಲ. ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ವಿದ್ಯಾರ್ಥಿಯಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದದ್ದು, ಅಲ್ಲಿ ಪಲ್ಲವರ ಕುದುರೆಯ ಸವಾರನೊಡನೆ ನಡೆದ ಕಲಹದಿಂದ ಅವಮಾನಗೊಂಡದ್ದು, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದದ್ದು, ಶ್ರೀಪರ್ವತದ ಕಾಡುಗಳನ್ನು ಸೇರಿ ಬಲವನ್ನು ಕೂಡಿಸಿದ್ದು, ಕೊನೆಗೆ ಪಲ್ಲವರೇ ಅವನ ಒಡೆತನಕ್ಕೆ ಮನ್ನಣೆಯಿತ್ತದ್ದು, ಇವೆಲ್ಲವೂ ಆ ಕಂಬದಿಂದಲೇ ತಿಳಿದುಬಂದ ಸಂಗತಿಗಳು.

ಇಷ್ಟನ್ನು ಪಠ್ಯಪುಸ್ತಕಗಳೂ ಹೇಳುತ್ತವೆ. ಅವು ಸಾಮಾನ್ಯವಾಗಿ ಹೇಳದೆ ಬಿಡುವುದು ಇನ್ನೊಂದು ಸಂಗತಿಯನ್ನು. ಆ ಕಂಬವನ್ನು ನಿಲ್ಲಿಸಿದ್ದು ಯುದ್ಧದ ವಿಜಯಕ್ಕಾಗಿ ಅಲ್ಲ; ಒಂದು ಕೆರೆಗಾಗಿ. ಶಾಂತಿವರ್ಮನ ತಂದೆ ಕಾಕುಸ್ಥವರ್ಮನು ಸ್ಥಾನಕುಂದೂರಿನ ಮಹಾದೇವನ ಆಲಯದ ಬಳಿ ಕೆರೆಯೊಂದನ್ನು ತೋಡಿಸಿದನು. ಆ ಕಾರ್ಯದ ನೆನಪಿಗಾಗಿ ಈ ಶಾಸನ. ಒಂದು ರಾಜವಂಶದ ಸಮಗ್ರ ಇತಿಹಾಸವು ಒಂದು ಹಳ್ಳಿಯ ಕೆರೆಯ ದಾಖಲೆಯೊಳಗೆ ಅಡಕವಾಗಿ ಉಳಿದುಬಂದಿದೆ. ಕೆರೆಯ ಹೊರತಾಗಿ ಈ ನಾಡಿನ ಚರಿತ್ರೆಯಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಮಾಘಮಾಸದಲ್ಲಿ ನೀರು ಇಳಿದ ಕೆರೆಯ ಏರಿಯ ಮೇಲೆ ನಿಂತು ಈ ಮಾತನ್ನು ಕೇಳಿದ ಮಗುವಿಗೆ ಕಾಕುಸ್ಥವರ್ಮನ ಹೆಸರನ್ನು ಬಾಯಿಪಾಠ ಮಾಡಿಸುವ ಅವಶ್ಯಕತೆಯೇ ಬೀಳದು.

ಇದೇ ತಾಲ್ಲೂಕಿನ ಮಳವಳ್ಳಿಯ ಕಲ್ಲುಕಂಬವು ಇನ್ನೂ ಹಿಂದಿನದು. ಅದರ ಮೇಲೆ ಚುಟು ಕುಲದ ಶಾತಕರ್ಣಿಯ ಪ್ರಾಕೃತ ಶಾಸನವೂ, ಅದರ ಕೆಳಗೆ ಆರಂಭದ ಕದಂಬ ದೊರೆಯೊಬ್ಬನ ದಾನಶಾಸನವೂ ಇವೆ. ಒಬ್ಬ ಅರಸನ ದಾನ ನಿಂತುಹೋದಾಗ ಮತ್ತೊಬ್ಬ ಅರಸನು ಅದನ್ನು ಮುಂದುವರಿಸಿದ ಕಥೆ ಒಂದೇ ಕಲ್ಲಿನ ಮೇಲಿದೆ. ಇತ್ತೀಚಿನ ಕಾಲಕ್ಕೆ ಬಂದರೆ, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ೨೦೧೩–೧೪ರಲ್ಲಿ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ನಡೆಸಿದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲಿನ ಶಾಸನವೊಂದು ದೊರೆಯಿತು. ಅದು ಕ್ರಿ. ಶ. ೩೭೦ರ ಸುಮಾರಿನದೆಂದೂ, ಆದಕಾರಣ ಹಲ್ಮಿಡಿಯ ಶಾಸನಕ್ಕಿಂತ ಹಳೆಯ ಕನ್ನಡ ಶಾಸನವೆಂದೂ ವಿದ್ವಾಂಸರು ಪ್ರತಿಪಾದಿಸಿದ್ದಾರೆ. ಇದು ಹೆಮ್ಮೆಪಡಬೇಕಾದ ವಿಷಯವೇ ಸರಿ. ಆದರೆ ಹಲ್ಮಿಡಿ ಮೊದಲೋ ತಾಳಗುಂದ ಮೊದಲೋ ಎಂಬ ಪೈಪೋಟಿಯಲ್ಲಿ ಹೆಮ್ಮೆ ಮುಗಿದುಹೋಗಬಾರದು. ಆ ಶೋಧದಿಂದ ಈ ಸೀಮೆಯವರು ಕಲಿಯಬೇಕಾದ ಪಾಠ ಬೇರೆಯೇ ಇದೆ. ಶತಮಾನಕ್ಕೂ ಹೆಚ್ಚು ಕಾಲ ವಿದ್ವಾಂಸರು ಬಂದುಹೋಗುತ್ತಿದ್ದ, ಎಲ್ಲವೂ ತಿಳಿದಾಯಿತೆಂದು ಭಾವಿಸಲಾಗಿದ್ದ ಒಂದು ದೇವಾಲಯದ ಅಂಗಳದಲ್ಲಿಯೇ ಇಂಥ ನಿಧಿ ಮಣ್ಣಿನಡಿ ಇತ್ತು. ಹಾಗಿದ್ದ ಮೇಲೆ, ಯಾರೂ ಬಂದು ನೋಡದ ಊರುಗಳ ನೆಲದಲ್ಲಿ ಏನೇನು ಇರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಬಳ್ಳಿಗಾವಿಯ ವಿಚಾರವನ್ನು ಈ ಪುಟಗಳ ಓದುಗರಿಗೆ ವಿಸ್ತಾರವಾಗಿ ಹೇಳಬೇಕಾಗಿಲ್ಲ. ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿ ಮೆರೆದ ಆ ಊರಿನಲ್ಲಿ ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳೂ, ಚಾವುಂಡರಾಯರಸನು ೧೦೪೭ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವೂ ಇಂದಿಗೂ ನಿಂತಿವೆ. ಶೈವ, ವೈಷ್ಣವ, ಜೈನ, ಬೌದ್ಧ ಮತಗಳೆಲ್ಲವೂ ಅಲ್ಲಿ ನೆಲೆ ಪಡೆದಿದ್ದವೆಂದು ಶಾಸನಗಳು ಹೇಳುತ್ತವೆ. ಹನ್ನೊಂದನೆಯ ಶತಮಾನದಲ್ಲಿಯೂ ಅಲ್ಲಿ ಬೌದ್ಧವಿಹಾರವೊಂದಕ್ಕೆ ದಾನದತ್ತಿಗಳು ಸಲ್ಲುತ್ತಿದ್ದವು. ಆದರೆ ಒಂದು ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ನೆನೆಯಲೇಬೇಕಾದದ್ದು ಕೋಡಿಮಠವನ್ನು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಕೋಡಿಯ ಮಠವೆನಿಸಿದ, ಕಾಳಾಮುಖ ಯತಿಗಳ ಆ ಮಠವನ್ನು ೧೧೬೨ರ ಶಾಸನವು ವರ್ಣಿಸಿರುವ ರೀತಿ ಅಪೂರ್ವವಾದುದು. ನಾಲ್ಕು ವೇದಗಳ ಅಧ್ಯಯನ, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮುಂತಾದ ದರ್ಶನಗಳು, ಪುರಾಣ, ಕಾವ್ಯ, ನಾಟಕ ಇವೆಲ್ಲಕ್ಕೂ ಅದು ಸ್ಥಾನವಾಗಿತ್ತು. ಅಲ್ಲಿಗೇ ನಿಲ್ಲದೆ ಆ ಶಾಸನವು ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ಕೊಳಲೂದುವವರಿಗೆ, ಕುಣಿಯುವವರಿಗೆ, ನಾನಾ ಪಂಥಗಳ ಸಂನ್ಯಾಸಿಗಳಿಗೆ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ, ರೋಗಿಗಳಿಗೆ ಔಷಧೋಪಚಾರ ನಡೆಯುತ್ತಿತ್ತೆಂದೂ ಹೇಳುತ್ತದೆ. ತನ್ನದಲ್ಲದ ದರ್ಶನವನ್ನೂ ಕಲಿಸಿದ, ತನ್ನವರಲ್ಲದವರಿಗೂ ಉಣಬಡಿಸಿದ ವಿದ್ಯಾಲಯವದು. ಅಕ್ಷರದೊಡನೆ ಅನ್ನವನ್ನೂ ಕೊಡುವ ಸಂಪ್ರದಾಯಕ್ಕೆ ಈ ನೆಲದಲ್ಲಿ ಎಂಟೂವರೆ ಶತಮಾನಗಳಿಗೂ ಮೀರಿದ ಲಿಖಿತ ಸಾಕ್ಷ್ಯವಿದೆಯೆಂಬುದು ಸಣ್ಣ ಸಂಗತಿಯಲ್ಲ.

ಶರಣರ ಚರಿತ್ರೆಯಾದರೂ ಈ ನೆಲವನ್ನು ಬಿಟ್ಟು ನಿಲ್ಲುವುದಿಲ್ಲ. ಅಲ್ಲಮಪ್ರಭುವಿನ ಜನ್ಮಸ್ಥಳ ಬಳ್ಳಿಗಾವಿ, ಅಕ್ಕಮಹಾದೇವಿಯದು ಉಡುತಡಿ. ಸತ್ಯಕ್ಕನ ಊರು ಜಂಬೂರು. ಅಲ್ಲಮನ ಕಥೆಯನ್ನು ಹರಿಹರನು ತನ್ನ ರಗಳೆಯಲ್ಲಿ ಹೇಳಿದ ಬಗೆಯನ್ನು ಇಲ್ಲಿ ಜ್ಞಾಪಿಸಿಕೊಳ್ಳುವುದು ಉಚಿತ. ವಿಯೋಗದ ದುಃಖದಲ್ಲಿ ಮುಳುಗಿ ತೋಟದಲ್ಲಿ ಕುಳಿತಿದ್ದ ಅಲ್ಲಮನಿಗೆ ಕಾಲಬುಡದ ಮಣ್ಣಿನಲ್ಲಿ ಕಳಶವೊಂದರ ತುದಿ ಕಾಣಿಸಿತು. ಅವನು ನೆಲವನ್ನು ಅಗೆಯಿಸಿದನು; ಹುದುಗಿದ್ದ ಶಿವಾಲಯವೊಂದು ಹೊರಬಂದಿತು; ಬಾಗಿಲು ತೆಗೆದು ಒಳಹೊಕ್ಕಾಗ ಅನಿಮಿಷಯ್ಯನ ದರ್ಶನವಾಯಿತು; ಅಲ್ಲಿಂದ ಮುಂದೆ ಅವನ ಬದುಕೇ ಬೇರೆಯಾಯಿತು. ಭಕ್ತರು ಇದನ್ನು ಅನುಭಾವದ ಸಂಕೇತವಾಗಿ ಕಾಣುತ್ತಾರೆ, ಅದು ಯುಕ್ತವೇ. ಆದರೆ ಹೆಜ್ಜೆಹೆಜ್ಜೆಗೂ ಹಾಳುಗುಡಿಯೊಂದು ಮಣ್ಣಿನಡಿಯಲ್ಲಿರುವ ಬಳ್ಳಿಗಾವಿಯ ಪರಿಸರವನ್ನು ಕಂಡವರಿಗೆ, ಈ ಕಥೆ ಈ ನೆಲದ ಮೇಲೆಯೇ ಏಕೆ ಹುಟ್ಟಿತೆಂಬುದೂ ಅರ್ಥವಾಗದಿರದು. ಕಾಲಬುಡವನ್ನು ನೋಡುವ ಕಣ್ಣಿದ್ದವನಿಗೆ ಮಾತ್ರ ಕಳಶ ಕಾಣಿಸುತ್ತದೆ.

ಸೊರಬ ತಾಲ್ಲೂಕಿನ ಸಂಪತ್ತು ಇನ್ನೊಂದು ಬಗೆಯದು. ಕುಬಟೂರಿನ ಕೈಟಭೇಶ್ವರ ದೇವಾಲಯ, ಕದಂಬರ ಕಾಲದಿಂದ ಹೆಸರಾದ ಚಂದ್ರಗುತ್ತಿಯ ದುರ್ಗ, ಉದ್ರಿಯ ಶಾಸನಗಳು, ಜೈನ ನಿಷಿಧಿಗಲ್ಲುಗಳು, ಶ್ರೀಗಂಧದಲ್ಲಿ ದೇವರನ್ನೂ ಬಳ್ಳಿಯನ್ನೂ ಮೂಡಿಸಿದ ಗುಡಿಗಾರರ ಮನೆತನಗಳು, ಇವೆಲ್ಲವೂ ಆ ತಾಲ್ಲೂಕಿನವೇ. ಅದರ ಕಾನುಗಳ ಖ್ಯಾತಿಯಂತೂ ಅರಣ್ಯಶಾಸ್ತ್ರದ ಚರಿತ್ರೆಯಲ್ಲಿಯೇ ಸೇರಿದೆ. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ೧೮೬೮ರಲ್ಲಿ ಬರೆದ ವರದಿಯಲ್ಲಿ ಸೊರಬ ತಾಲ್ಲೂಕಿನ ೧೭೧ ಕಾನುಗಳನ್ನು ಲೆಕ್ಕಹಾಕಿದ್ದರು. ಅವುಗಳ ವಿಸ್ತೀರ್ಣ ಮೂವತ್ತೆರಡು ಸಾವಿರ ಎಕರೆಗೂ ಮಿಕ್ಕಿತ್ತು. ಕಾನೆಂದರೆ ಬರಿಯ ಕಾಡಲ್ಲ. ಊರಿನವರು ಮೆಣಸಿನ ಬಳ್ಳಿ, ಬೈನೆಮರಗಳಿಗಾಗಿ ಕಾಪಾಡಿಕೊಂಡು, ದೇವರಿಗೆ ಬಿಟ್ಟು, ಸರಕಾರಕ್ಕೆ ಕಂದಾಯವನ್ನೂ ಕಟ್ಟುತ್ತಿದ್ದ ತಂಪಿನ ನೆಲೆ. ಕಾನು ಕೆರೆಯನ್ನು ಕಾಯುತ್ತಿತ್ತು. ಕೆರೆ ಗದ್ದೆಯನ್ನು ಕಾಯುತ್ತಿತ್ತು. ಇಂದು ಒಂದು ಊರಿನ ಮಕ್ಕಳು ತಮ್ಮ ಊರಿನ ಕಾನುಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದುಕೊಂಡರೆ, ಅವುಗಳಲ್ಲಿ ಎಷ್ಟು ಉಳಿದಿವೆ, ಎಷ್ಟು ಹೆಸರು ಮಾತ್ರವಾಗಿವೆ ಎಂಬುದು ಒಂದೇ ದಿನದಲ್ಲಿ ತಿಳಿದುಬಂದೀತು. ಅದಕ್ಕಿಂತ ಉತ್ತಮವಾದ ಭೂಗೋಳದ ಪಾಠವೂ ಬೇರೊಂದಿಲ್ಲ.

ಎರಡೂ ತಾಲ್ಲೂಕುಗಳಲ್ಲಿ ಎಣಿಸಲಾರದಷ್ಟಿರುವ ವೀರಗಲ್ಲುಗಳ ವಿಷಯವಾಗಿ ಒಂದೆರಡು ಮಾತು ಅವಶ್ಯ. ಅವುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ದೇವಗಣಿಕೆಯರು, ಮೇಲೆ ಶಿವಸಾನ್ನಿಧ್ಯ. ಸತ್ತವರು ಬಹುತೇಕ ಅರಸರಲ್ಲ. ಕಳ್ಳರು ಊರ ದನಗಳನ್ನು ಅಟ್ಟಿಕೊಂಡು ಹೋದಾಗ ತುರುಗಳನ್ನು ಮರಳಿಸಲು ಹೋಗಿ ಬಿದ್ದವರು, ಹೆಣ್ಣುಮಕ್ಕಳ ಮಾನವನ್ನು ಕಾಯಲು ನಿಂತವರು, ಊರಳಿವಿನಲ್ಲಿ ಹೋರಾಡಿದವರು. ದೀಪಾವಳಿಯಿಂದ ಮೊದಲಾಗಿ ಮಾಗಿಯುದ್ದಕ್ಕೂ ಈ ಸೀಮೆಯ ಊರೂರುಗಳಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೊಬ್ಬರಿಯ ಸರ, ಬಲೂನು, ಜೂಲುಗಳಿಂದ ಅಲಂಕೃತವಾಗಿ ಓಡಿಬರುವ ಹೋರಿಗಳ ಹೆಸರುಗಳನ್ನೆಲ್ಲ ಹುಡುಗರು ಬಲ್ಲರು. ಗಾಯನೋವುಗಳ ಭಯವಿದ್ದರೂ ಅವರ ಉತ್ಸಾಹ ಕುಗ್ಗಿಲ್ಲ. ಅದೇ ಹುಡುಗರನ್ನು ತುರುಗೊಳ್ ಕಾಳಗದ ವೀರಗಲ್ಲಿನ ಮುಂದೆ ನಿಲ್ಲಿಸಿ, ಇವನು ನಿನ್ನ ಊರಿನ ದನಗಳಿಗಾಗಿ ಪ್ರಾಣ ಕೊಟ್ಟವನು ಎಂದು ಹೇಳುವವರು ಬೇಕಾಗಿದ್ದಾರೆ. ಉತ್ಸಾಹವಿದೆ, ಕಲ್ಲೂ ಇದೆ. ಇವೆರಡನ್ನೂ ಕೂಡಿಸುವ ಅಧ್ಯಾಪಕನು ಮಾತ್ರ ಪರೀಕ್ಷೆಯ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದಾನೆ.

ಚರಿತ್ರೆಯೆಂದರೆ ಶಾಸನಗಳ ಕಾಲಕ್ಕೆ ಮುಗಿಯುವಂಥದೂ ಅಲ್ಲ. ಮಾಗಿ ಮುಗಿದು ಬಿಸಿಲೇರುವ ಮಾರ್ಚ್ ತಿಂಗಳಿನ ಮೂರು ದಿನಗಳು ಶಿಕಾರಿಪುರ ತಾಲ್ಲೂಕಿಗೆ ಮರೆಯಲಾಗದ ದಿನಗಳು. ೧೯೪೨ರ ಚಳವಳಿಯ ಕಾಲದಲ್ಲಿ ಈಸೂರಿನ ಜನರು ತಮ್ಮ ಊರು ಸ್ವತಂತ್ರವಾಯಿತೆಂದು ಸಾರಿ, ಹದಿಹರೆಯದ ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರರನ್ನಾಗಿ ನೇಮಿಸಿಕೊಂಡರು. ಸೆಪ್ಟೆಂಬರ್ ೨೮ರಂದು ಊರಿಗೆ ಬಂದ ಅಧಿಕಾರಿಗಳೊಡನೆ ಘರ್ಷಣೆಯಾಗಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸಾವಿಗೀಡಾದರು. ಅನಂತರ ಊರಿನ ಮೇಲೆ ಎರಗಿದ ಪೊಲೀಸರ ಕೋಪಕ್ಕೆ ಅಂಜಿ ಜನರು ಕಾಡು ಸೇರಿದರು. ಹಲವರು, ಹೆಣ್ಣುಮಕ್ಕಳೂ ಸೇರಿ, ಸೆರೆವಾಸ ಅನುಭವಿಸಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ೧೯೪೩ರ ಮಾರ್ಚ್ ೮, ೯ ಮತ್ತು ೧೦ರಂದು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಏಸೂರು ಕೊಟ್ಟರೂ ಈಸೂರು ಬಿಡೆವು ಎಂಬ ಮಾತು ನಾಡಿನಾದ್ಯಂತ ಹರಡಿತು. ಆ ದಿನಗಳನ್ನು ಕಣ್ಣಾರೆ ಕಂಡವರ ತಲೆಮಾರು ಬಹುಮಟ್ಟಿಗೆ ಕಳೆದುಹೋಗಿದೆ. ಅವರಿಂದ ಕೇಳಿದ ಮಕ್ಕಳು ಈಗ ವೃದ್ಧರಾಗಿದ್ದಾರೆ. ಅವರ ಬಾಯಿಂದ ಕೇಳಿ ಬರೆದಿಟ್ಟುಕೊಳ್ಳಲು ಉಳಿದಿರುವ ಮಾಗಿಗಳು ಹೆಚ್ಚಿಲ್ಲ. ಈಸೂರಿನ ಸ್ಮರಣೆಯು ಹಾರಾರ್ಪಣೆಯ ಒಂದು ದಿನಕ್ಕೆ ಸೀಮಿತವಾದರೆ, ಹೆಸರುಗಳು ಉಳಿದಾವು, ಮನುಷ್ಯರು ಉಳಿಯಲಾರರು.

ಊರಿನ ಚರಿತ್ರೆಯನ್ನು ಹೇಳುವಾಗ ಒಂದು ಎಚ್ಚರವೂ ಅಗತ್ಯ. ಅದು ಕೇವಲ ಸ್ತುತಿಪಾಠವಾಗಕೂಡದು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ ಬಡ, ದಲಿತ ಕುಟುಂಬಗಳ ಸ್ತ್ರೀಪುರುಷರು ಬೆತ್ತಲೆಸೇವೆ ಸಲ್ಲಿಸುವ ಪದ್ಧತಿ ಬಹುಕಾಲ ನಡೆದುಬಂದಿತ್ತು. ೧೯೮೬ರ ಮಾರ್ಚ್ ತಿಂಗಳಿನಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರಿಗೂ ಪೊಲೀಸರಿಗೂ ಜನಸಂದಣಿಯಿಂದ ಹಲ್ಲೆಯಾಯಿತು. ಅನಂತರ ಸರಕಾರವು ಆ ಸೇವೆಯನ್ನು ನಿಷೇಧಿಸಿತು. ಇದನ್ನು ಮಕ್ಕಳಿಂದ ಮುಚ್ಚಿಡುವುದರಿಂದ ಯಾವ ದೇವರ ಗೌರವವೂ ಹೆಚ್ಚುವುದಿಲ್ಲ. ಒಂದು ಊರು ತನ್ನ ಕೆಟ್ಟ ಪದ್ಧತಿಯೊಂದನ್ನು ಹೇಗೆ ಬಿಟ್ಟಿತು, ಯಾರು ಅದಕ್ಕಾಗಿ ಪೆಟ್ಟು ತಿಂದರು ಎಂಬುದೂ ಕೆರೆಯ ಶಾಸನದಷ್ಟೇ ಬೆಲೆಯುಳ್ಳ ಚರಿತ್ರೆ. ಜಾತಿಯ ಮೇಲುಕೀಳನ್ನು ನಿರಾಕರಿಸಿದ ಶರಣರ ಹೆಸರಿನಲ್ಲಿ ನಡೆಯುವ ಶಾಲೆಗಳಿಗೆ ಇದನ್ನು ಹೇಳುವ ಧೈರ್ಯ ಇತರರಿಗಿಂತ ಒಂದು ತೂಕ ಹೆಚ್ಚಾಗಿಯೇ ಇರಬೇಕು.

ಇಷ್ಟು ದೊಡ್ಡ ಆಸ್ತಿಯ ಇಂದಿನ ಸ್ಥಿತಿಯೇನು? ಸಂರಕ್ಷಿತ ಸ್ಮಾರಕಗಳಾದ ಕೆಲವನ್ನು ಬಿಟ್ಟರೆ ಉಳಿದವುಗಳಿಗೆ ದಿಕ್ಕಿಲ್ಲ. ಹಳ್ಳಿಗಳಲ್ಲಿ ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗುತ್ತದೆ, ಮೋರಿಯ ಹಾಸಾಗುತ್ತದೆ, ಗುಡಿಯ ಜೀರ್ಣೋದ್ಧಾರದ ಹೆಸರಿನಲ್ಲಿ ಸಿಮೆಂಟಿನೊಳಗೆ ಹೂತುಹೋಗುತ್ತದೆ, ಭಕ್ತಿಯ ಭರದಲ್ಲಿ ಬಳಿದ ಎಣ್ಣೆಬಣ್ಣದಡಿ ಅಕ್ಷರ ಮಾಯವಾಗುತ್ತದೆ. ನಿಧಿಯ ಆಸೆಗೆ ರಾತ್ರಿ ಅಗೆಯುವವರು ವೀರಗಲ್ಲನ್ನು ಉರುಳಿಸಿ ಹೋಗುತ್ತಾರೆ. ಇವುಗಳ ಜತೆಗೆ ಅಭಿವೃದ್ಧಿಯ ಕೆಲಸಗಳೂ ಬಂದಿವೆ. ನದಿಯ ನೀರನ್ನು ಎತ್ತಿ ಕೆರೆಗಳಿಗೆ ತುಂಬಿಸುವ ಯೋಜನೆಗಳು, ರಸ್ತೆಗಳ ಅಗಲೀಕರಣ, ೨೦೨೩ರಲ್ಲಿ ಶಂಕುಸ್ಥಾಪನೆಯಾದ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲುಮಾರ್ಗ, ಇವೆಲ್ಲವೂ ಜನರಿಗೆ ಬೇಕಾದವುಗಳೇ. ಅವನ್ನು ವಿರೋಧಿಸುವುದು ವಿವೇಕವಲ್ಲ. ಆದರೆ ಮಣ್ಣು ಅಗೆಯುವ ಯಂತ್ರಕ್ಕೆ ಕಲ್ಲಿನ ಮೇಲಿನ ಅಕ್ಷರ ಕಾಣಿಸುವುದಿಲ್ಲ. ಇಂಥ ಜಾಗದಲ್ಲಿ ಇಂಥ ಕಲ್ಲಿದೆಯೆಂದು ಮೊದಲೇ ಬರೆದಿಟ್ಟವರಿದ್ದರೆ ಮಾತ್ರ ಅದನ್ನು ಉಳಿಸಲು ಸಾಧ್ಯ. ಬರೆದಿಡದ ಕಲ್ಲು ಕಳೆದುಹೋದರೆ, ಕಳೆದುಹೋಯಿತೆಂಬ ಸಂಗತಿಯೂ ಯಾರಿಗೂ ತಿಳಿಯದು.

ಬರೆದಿಡುವ ಕೆಲಸಕ್ಕೆ ದೊಡ್ಡ ಬುನಾದಿಯನ್ನು ಹಿಂದಿನವರು ಹಾಕಿಕೊಟ್ಟಿದ್ದಾರೆ. ರೈಸ್ ಅವರ ನೇತೃತ್ವದಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟ ೧೯೦೨ರಲ್ಲಿಯೂ ಎಂಟನೆಯದು ೧೯೦೪ರಲ್ಲಿಯೂ ಪ್ರಕಟವಾದವು. ಶಿಕಾರಿಪುರ ತಾಲ್ಲೂಕಿನ ಶಾಸನಗಳು ಮೊದಲನೆಯದರಲ್ಲಿ, ಸೊರಬ ತಾಲ್ಲೂಕಿನವು ಎರಡನೆಯದರಲ್ಲಿ ಊರೂರ ಹೆಸರಿನೊಡನೆ ಸೇರಿವೆ. ತಾಳಗುಂದದ ಸ್ತಂಭಶಾಸನಕ್ಕೆ ಅಲ್ಲಿ ಶಿಕಾರಿಪುರ ೧೭೬ ಎಂಬ ಸಂಖ್ಯೆ. ಬಂಡಿಯ ದಾರಿಯೂ ಸರಿಯಾಗಿಲ್ಲದ ಕಾಲದಲ್ಲಿ ಹಳ್ಳಿ ಹಳ್ಳಿಗಳನ್ನು ಸುತ್ತಿ ಆ ಕೆಲಸ ಮಾಡಿದವರಲ್ಲಿ ಕನ್ನಡದ ಪಂಡಿತರೇ ಹೆಚ್ಚಿನವರು. ಒಂದು ಶತಮಾನಕ್ಕೂ ಮಿಕ್ಕಿದ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಹೇಳಿದ ಕಲ್ಲು ಹೇಳಿದ ಜಾಗದಲ್ಲಿ ಇಂದೂ ಇದೆಯೇ ಎಂದು ನೋಡಿಬರುವ ಕೆಲಸವನ್ನಾದರೂ ಈಗಿನ ಶಾಲೆಗಳು ಮಾಡಬಾರದೇ?

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಪರೀಕ್ಷೆಯ ಕಾಲದಲ್ಲಿ ಮೂರು ದಿನ ಕಳೆದರೆ ಫಲಿತಾಂಶ ಕುಂದೀತೆಂಬುದು ಮೊದಲನೆಯದು. ಇದು ಹಗುರವಾದ ಆಕ್ಷೇಪವಲ್ಲ. ಬಡ ರೈತನ ಮಗನಿಗೆ ಹತ್ತನೆಯ ತರಗತಿಯ ಅಂಕಗಳೇ ಮುಂದಿನ ದಾರಿ. ಆದುದರಿಂದ ಹತ್ತನೆಯ ತರಗತಿಯವರನ್ನು ಬಿಟ್ಟು ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ಕೆಲಸವನ್ನು ಒಪ್ಪಿಸುವುದೇ ಯೋಗ್ಯ. ಹಳಗನ್ನಡದ ಲಿಪಿಯನ್ನು ಅಧ್ಯಾಪಕರೇ ಓದಲಾರರು, ಮಕ್ಕಳು ಹೇಗೆ ಓದಿಯಾರು ಎಂಬುದು ಎರಡನೆಯದು. ಓದುವುದು ತಜ್ಞರ ಕೆಲಸ; ನೋಡುವುದು, ಅಳೆಯುವುದು, ಇರುವ ಜಾಗವನ್ನು ಗುರುತಿಸುವುದು, ಛಾಯಾಚಿತ್ರ ತೆಗೆಯುವುದು, ಊರಿನವರು ಅದನ್ನು ಏನೆಂದು ಕರೆಯುತ್ತಾರೆಂದು ಕೇಳುವುದು ಯಾವ ಮಗುವಿಗೂ ಸಾಧ್ಯ. ಕಲ್ಲು ಮುಟ್ಟಿದರೆ ದೋಷವೆಂಬ ಹೆದರಿಕೆ ಮೂರನೆಯದು. ಮುಟ್ಟಬೇಕಾಗಿಯೇ ಇಲ್ಲ, ಕೆರೆಯಬಾರದು, ಸುಣ್ಣ ತುಂಬಬಾರದು, ಕಿತ್ತು ಶಾಲೆಯ ಅಂಗಳಕ್ಕೆ ಸಾಗಿಸಲಂತೂ ಬಾರದು. ಕಲ್ಲು ನಿಂತ ಜಾಗವೂ ಅದರ ಅರ್ಥದ ಒಂದು ಭಾಗ.

ಮೂರು ದಿನಗಳ ಹಂಚಿಕೆ ಸರಳವಾಗಿರಲಿ. ಮೊದಲ ದಿನ ಕೆರೆಗೆ: ಅದರ ಹೆಸರು, ತೂಬು, ಕೋಡಿ, ನೀರು ಬರುವ ಹಳ್ಳ, ನೀರು ಉಣ್ಣುವ ಗದ್ದೆ, ಹಿಂದೆ ಯಾರು ನೀರು ಬಿಡುತ್ತಿದ್ದರು ಎಂಬ ವಿವರಗಳಿಗೆ. ಎರಡನೆಯ ದಿನ ಕಲ್ಲುಗಳಿಗೆ: ಪ್ರತಿಯೊಂದು ಕಲ್ಲಿಗೂ ಒಂದು ಪುಟ, ಒಂದು ಸಂಖ್ಯೆ. ಮೂರನೆಯ ದಿನ ಹಿರಿಯರಿಗೆ: ಬರಗಾಲ, ರೋಗರುಜಿನ, ಗೇಣಿಯ ಕಾಲ, ಭೂಸುಧಾರಣೆ, ಊರಿನ ಮೊದಲ ಶಾಲೆ, ಮೊದಲ ಬಸ್ಸು, ಬಿಟ್ಟುಹೋದ ಹಾಡು, ಕಸುಬುಗಳನ್ನು ಕುರಿತು ಕೇಳಿ ಬರೆದುಕೊಳ್ಳುವುದಕ್ಕೆ. ಈ ಹಿರಿಯರ ಸಾಲಿನಲ್ಲಿ ಗೌಡ, ಶಾನುಭೋಗರ ಮನೆಯವರಷ್ಟೇ ಅಲ್ಲದೆ ಕೆರೆಯ ತೂಬು ಕಾಯ್ದವರೂ, ಕಲ್ಲು ಒಡೆದವರೂ, ಸೂಲಗಿತ್ತಿಯರೂ ಇರಲೇಬೇಕು. ಎಲ್ಲವನ್ನೂ ಶಾಲೆಯ ಒಂದು ದಾಖಲೆಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದು, ಮುಂದಿನ ಮಾಘದಲ್ಲಿ ಮುಂದಿನ ತರಗತಿಯವರು ಅದನ್ನು ಮುಂದುವರಿಸಬೇಕು. ಹತ್ತು ಮಾಗಿ ಕಳೆಯುವಷ್ಟರಲ್ಲಿ ಎರಡೂ ತಾಲ್ಲೂಕುಗಳ ಯಾವ ಹಳ್ಳಿಯೂ ಅಲಿಖಿತವಾಗಿ ಉಳಿಯದು.

ಇದರಲ್ಲಿ ಅಧ್ಯಾಪಕರ ಪಾಲು ಶ್ರಮ, ಹಳೆಯ ವಿದ್ಯಾರ್ಥಿಗಳ ಪಾಲು ನೆನಪು. ಬೆಂಗಳೂರು, ಶಿವಮೊಗ್ಗ, ಹುಬ್ಬಳ್ಳಿಗಳಲ್ಲಿ ನೆಲೆಸಿದ ಅನೇಕರ ಮನೆಯ ಪೆಟ್ಟಿಗೆಗಳಲ್ಲಿ ಕಡತ, ತಾಳೆಗರಿ, ಹಳೆಯ ಭಾವಚಿತ್ರ, ಜಮೀನಿನ ಕಾಗದಗಳು ಗೆದ್ದಲಿಗೆ ಕಾದಿವೆ. ಮೂಲವನ್ನು ತಾವೇ ಇಟ್ಟುಕೊಂಡು ಪ್ರತಿಯೊಂದನ್ನು ಶಾಲೆಗೆ ಕೊಟ್ಟರೂ ಸಾಕು. ದಾನಿಗಳ ವಿಷಯದಲ್ಲಿ ಮಾತ್ರ ಒಂದು ಮಾತನ್ನು ಬಿಚ್ಚಿ ಹೇಳಬೇಕಾಗಿದೆ. ಕೊಠಡಿ ಕಟ್ಟಿಸಿದವರ ಹೆಸರನ್ನು ಗೋಡೆಯ ಕಲ್ಲಿನಲ್ಲಿ ಕೆತ್ತಿಸುವ ಪದ್ಧತಿ ಎಲ್ಲ ವಿದ್ಯಾಸಂಸ್ಥೆಗಳಲ್ಲಿಯೂ ಇದೆ, ಅದು ತಪ್ಪಲ್ಲ. ಕಾಕುಸ್ಥವರ್ಮನ ಕೆರೆಗೂ ಕೋಡಿಮಠದ ಅನ್ನಛತ್ರಕ್ಕೂ ಸಾಕ್ಷಿಯಾದದ್ದು ಅಂಥ ಕಲ್ಲುಗಳೇ. ದಾನವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನ��ಂದು ಹಿಂದಿನವರು ಶಾಸನಗಳ ಕೊನೆಯಲ್ಲಿ ಬರೆಯಿಸುತ್ತಿದ್ದರು. ತಮ್ಮ ಮಾತನ್ನು ಮುಂದಿನವರು ಕಾಯುವರೆಂಬ ನಂಬಿಕೆ ಅವರದು. ಹಿಂದಿನ ದಾನಿಯ ಕಲ್ಲು ಮೋರಿಗೆ ಹಾಸಾಗಿರುವ ಊರಿನಲ್ಲಿ ಇಂದಿನ ದಾನಿಯ ಕಲ್ಲು ಎಷ್ಟು ಕಾಲ ಉಳಿದೀತು? ಹೊಸ ಕೊಠಡಿಗಳಿಗೆ ಕೊಡುವ ಹಣದಲ್ಲಿ ಒಂದು ಸಣ್ಣ ಭಾಗವನ್ನು ದಾಖಲೆಪುಸ್ತಕಗಳಿಗೆ, ಮಕ್ಕಳ ಪ್ರಯಾಣದ ವೆಚ್ಚಕ್ಕೆ, ಒಬ್ಬ ಶಾಸನತಜ್ಞರನ್ನು ವರ್ಷಕ್ಕೊಮ್ಮೆ ಕರೆಸುವುದಕ್ಕೆ ಮೀಸಲಿಟ್ಟರೆ, ಅದು ಅವರ ದಾನಕ್ಕೇ ಕಾವಲಾದೀತು.

ತನ್ನ ಊರಿನ ಕೆರೆಯನ್ನು ಕಟ್ಟಿಸಿದವರಾರೆಂದು ತಿಳಿದ ಮಗು ಅದಕ್ಕೆ ಕಸ ಸುರಿಯಲು ಹಿಂಜರಿಯುತ್ತದೆ. ವೀರಗಲ್ಲನ್ನು ಬರೆದುಕೊಂಡ ಮಗು ಅದರ ಮೇಲೆ ಬಟ್ಟೆ ಒಗೆಯುವುದನ್ನು ಕಂಡು ಸುಮ್ಮನಿರಲಾರದು. ವಿದ್ಯೆಯು ಅಂಕಪಟ್ಟಿಯನ್ನು ದಾಟಿ ನಡತೆಯಾಗುವ ಬಗೆ ಇದೇ. ಬರುವ ಮಾಗಿಯ ಕೊನೆಯಲ್ಲಿಯೂ ಕೆರೆಗಳ ನೀರು ಇಳಿಯುತ್ತದೆ, ಹುಲ್ಲು ಒಣಗುತ್ತದೆ, ಕಲ್ಲುಗಳು ಹೊರಗೆ ಬಂದು ನಿಲ್ಲುತ್ತವೆ. ಆ ಹೊತ್ತಿಗೆ ಈ ಸೀಮೆಯ ಒಂದು ಶಾಲೆಯಾದರೂ ತನ್ನ ಬಾಗಿಲನ್ನು ಮೂರು ದಿನ ಹೊರಕ್ಕೆ ತೆರೆದಿಡುವುದಾದರೆ, ಈ ಸಂಸ್ಮರಣ ಸಂಪುಟದ ಪ್ರಕಟಣೆ ಸಾರ್ಥಕವಾದಂತೆಯೇ ಸರಿ.